ಪಂಚಶೀಲದ ಮೂರನೇ ವಿಧಿ

ನನ್ನೂರು ಪಿರಿಯಾಪಟ್ಟಣದ ಪಕ್ಕ. ಈಗಿರುವುದು ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ. ಸಮುದ್ರದ ದಡದ ಪುಟ್ಟ ಊರು, ಗಾಳಿ ಜಾಸ್ತಿ. ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂಎ ಮಾಡಲು ಬಂದೆ. ಇದು ನನ್ನ ಎರಡನೇ ಎಂಎ. ಮೊದಲನೆಯದು ರಾಜ್ಯಶಾಸ್ತ್ರ, ನಮ್ಮ ಕಡೆಯೇ.

ಅಲ್ಲಿ ಮೇಷ್ಟ್ರು ನೋಟ್ಸ್ ಹೇಳೋರು, ನಾವು ಬರೆದುಕೊಳ್ಳುತ್ತಿದ್ದೆವು. ‘ಪಂಚಶೀಲ ತತ್ವಗಳನ್ನು ವಿವರಿಸಿ’ ಅನ್ನುವ ಪ್ರಶ್ನೆ ಎರಡು ವರ್ಷಕ್ಕೊಮ್ಮೆ ಬರಲೇಬೇಕು. ಪಂಚಶೀಲ ಅಂದರೆ ಭಾರತ, ಚೀನಾ ಶಾಂತಿಯಿಂದ ಬಾಳಲು ಒಪ್ಪಿಕೊಂಡ ಐದು ತತ್ವ. ಐದೂ ತತ್ವ ಈಗಲೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆ ತತ್ವಗಳಿರುವ ಒಪ್ಪಂದವನ್ನು ಮಾತ್ರ ಓದಿರಲಿಲ್ಲ. ಓದಬಹುದು ಅಂತಲೇ ತೋಚಿರಲಿಲ್ಲ.

ಇಲ್ಲಿ ಮೊದಲ ವಾರವೇ ಹೇಳಿದರು: ಯಾವುದಾದರೂ ಒಂದು ಒಪ್ಪಂದ ತಗೊಳ್ಳಿ, ಅದರ ಮೂಲ ಪಠ್ಯ ಓದಿಕೊಂಡು ಬಂದು ಮಾತಾಡಿ. ಗೊತ್ತಿರುವುದೇ ಸುಲಭ ಅಂತ ನಾನು 1954ರ ಏಪ್ರಿಲ್ 29ರ ಭಾರತ–ಚೀನಾ ಒಪ್ಪಂದ ಹಿಡಿದೆ. ನೋಡಿದರೆ ಅದು ಟಿಬೆಟ್ ಜೊತೆಗಿನ ವ್ಯಾಪಾರದ ಒಪ್ಪಂದ! ಐದು ತತ್ವಗಳು ಪೀಠಿಕೆಯಲ್ಲಷ್ಟೇ ಇವೆ. ಮೂರನೇ ವಿಧಿ ಪೂರ್ತಿ ಯಾತ್ರಿಕರದ್ದು. ಇಲ್ಲಿಂದ ಹೋಗುವವರಿಗೆ ಕೈಲಾಸ, ಮಾನಸ ಸರೋವರ. ಅಲ್ಲಿಂದ ಬರುವ ಬೌದ್ಧರಿಗೆ ಕಾಶಿ, ಸಾರನಾಥ, ಗಯಾ, ಸಾಂಚಿ.

ಐದು ವರ್ಷ ಕಳೆಯುವಷ್ಟರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಬಂದವರಲ್ಲಿ ಎಷ್ಟೋ ಜನಕ್ಕೆ ನಮ್ಮ ಬೈಲಕುಪ್ಪೆಯೇ ಊರಾಯಿತು. ಅವರು ಮುಸುಕಿನ ಜೋಳ ಬೆಳೆಯುವುದನ್ನು ನೋಡುತ್ತಲೇ ದೊಡ್ಡವನಾದೆ. ಕಾಲೇಜಿನಿಂದ ಅಲ್ಲಿನ ಗೋಲ್ಡನ್ ಟೆಂಪಲ್‌ಗೆ ಟೂರ್ ಹೋಗಿದ್ದೆವು, ಫೋಟೊ ತೆಗೆಸಿಕೊಂಡು ಬಂದೆವು. ಅಲ್ಲಿ ಓಡಾಡುತ್ತಿದ್ದ ಲಾಮಾಗಳಿಗೂ ನಮ್ಮ ಪಂಚಶೀಲಕ್ಕೂ ನಂಟಿದೆ ಅಂತ ಯಾರೂ ಹೇಳಲಿಲ್ಲ. 2007ರಲ್ಲಿ ಚೀನಾ ಒಂದು ನಿಯಮ ತಂದಿತು: ಲಾಮಾಗಳ ಪುನರ್ಜನ್ಮಕ್ಕೆ ಸರ್ಕಾರದ ಒಪ್ಪಿಗೆ ಬೇಕು! ದೇವರನ್ನೇ ನಂಬದ ಕಮ್ಯುನಿಸ್ಟ್ ಪಕ್ಷಕ್ಕೆ ಮರುಹುಟ್ಟಿನ ಮೇಲೆ ಹಿಡಿತ ಯಾಕೆ ಬೇಕು? ಧರ್ಮ ಮತ್ತು ಜಾಗತಿಕ ರಾಜಕೀಯದ ಬಗ್ಗೆ ಇದಕ್ಕಿಂತ ಒಳ್ಳೆ ಪ್ರಶ್ನೆ ನನಗಂತೂ ಗೊತ್ತಿಲ್ಲ.

ಹಾಗಂತ ಇಲ್ಲಿನದೆಲ್ಲ ಚಿನ್ನ ಅಂತಲ್ಲ. ಈ ಶಾಸ್ತ್ರದ ಪುಸ್ತಕಗಳು ಹೇಳುವ ಕಥೆ ಹೀಗೆ: ಯುರೋಪಿನ ಮೂವತ್ತು ವರ್ಷಗಳ ಧರ್ಮಯುದ್ಧ ಮುಗಿಸಿದ 1648ರ ವೆಸ್ಟ್‌ಫೇಲಿಯಾ ಒಪ್ಪಂದದ ನಂತರ ದೇಶದೇಶಗಳ ವ್ಯವಹಾರದಿಂದ ಧರ್ಮ ಹೊರಗೆ ಹೋಯಿತು, 1979ರಲ್ಲಿ ಇರಾನಿನ ಇಸ್ಲಾಮಿಕ್ ಕ್ರಾಂತಿಯ ಮೂಲಕ ‘ವಾಪಸ್’ ಬಂತು. ವಾಪಸ್ ಬರೋಕೆ ಅದು ಹೋಗಿತ್ತಾದರೂ ಎಲ್ಲಿಗೆ? 1919ರಲ್ಲಿ ಇದೇ ಊರಿನಲ್ಲಿ ಈ ಓದಿಗೆ ಜಗತ್ತಿನ ಮೊದಲ ಪ್ರಾಧ್ಯಾಪಕ ಪೀಠ ಶುರುವಾಗಲು ದುಡ್ಡು ಕೊಟ್ಟ ಇಲ್ಲಿನ ಶ್ರೀಮಂತ ಡೇವಿಡ್ ಡೇವಿಸ್ ಕೂಡ ಅಪ್ಪಟ ಮೆಥಡಿಸ್ಟ್ ಕ್ರೈಸ್ತ ಮನೆತನದವರು. ಸೆಮಿನಾರಿನಲ್ಲಿ ಗಂಟೆಗಟ್ಟಲೆ ವಾದ ಮಾಡುವ ನನ್ನ ಸಹಪಾಠಿಗಳಲ್ಲಿ ಕೆಲವರಿಗೆ ಏಷ್ಯಾ, ಆಫ್ರಿಕಾದ ದೇಶಗಳೆಲ್ಲ ಸೇರಿದ್ದ ಬಾಂಡುಂಗ್ ಸಮ್ಮೇಳನ ನಡೆದ ವರ್ಷ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೇಷ್ಟ್ರ ನೋಟ್ಸಿನ ಪುಣ್ಯ.

ಆದರೂ ನೋಟ್ಸಿಗಿಂತ ಮೂಲ ಪಠ್ಯವೇ ಮೇಲು ಅನ್ನುತ್ತೇನೆ. ಅದಕ್ಕೆ ವೇಲ್ಸ್‌ಗೇ ಬರಬೇಕಿಲ್ಲ, ಒಪ್ಪಂದ ಇರುವುದು ಹದಿನೈದು ನಿಮಿಷದ ಓದು. ಊರಲ್ಲಿ ಈಗ ಎಂಎ ಮಾಡುತ್ತಿರುವ ಚಿಕ್ಕಪ್ಪನ ಮಗನಿಗೆ ಕಳಿಸಿದೆ. ಮರುದಿನ ಉತ್ತರ ಬಂತು: “ಓದಿದೆ ಅಣ್ಣ, ಚೆನ್ನಾಗಿದೆ. ಆದ್ರೆ ಹತ್ತು ಮಾರ್ಕಿಗೆ ಐದು ತತ್ವ ಬರೆದ್ರೆ ಸಾಕಲ್ವಾ?”