ಪೈಮಿಯೊ ಆಸ್ಪತ್ರೆಯ ವಾಶ್‌ಬೇಸಿನ್

ಅಲ್ವಾರ್ ಆಲ್ಟೊ ಅಂದ ಕೂಡಲೇ ಎಲ್ಲರೂ ಶೇರ್ ಮಾಡೋದು 1936ರ ಆ ಅಲೆಅಲೆ ಅಂಚಿನ ಗಾಜಿನ ಹೂದಾನಿಯ ಫೋಟೋ. ಚೆಂದ ಇದೆ, ಇಲ್ಲ ಅನ್ನಲ್ಲ. ಆದರೆ ಈ ಫಿನ್‌ಲ್ಯಾಂಡ್ ವಾಸ್ತುಶಿಲ್ಪಿ ಎಂಥ ಆಸಾಮಿ ಅಂತ ತಿಳೀಬೇಕಾದರೆ ಆತ ಆಸ್ಪತ್ರೆಗೆ ಮಾಡಿಕೊಟ್ಟ ವಾಶ್‌ಬೇಸಿನ್ ನೋಡಬೇಕು ಅನ್ನೋದು ನನ್ನ ವಾದ.

ತುರ್ಕು ನಗರದ ಹತ್ತಿರ ಪೈಮಿಯೊ ಅಂತ ಊರು. ಅಲ್ಲಿನ ಪೈನ್ ಕಾಡಿನ ನಡುವೆ ಕ್ಷಯರೋಗಿಗಳ ಸ್ಯಾನಿಟೋರಿಯಂ. 1929ರಲ್ಲಿ ಸ್ಪರ್ಧೆ ಗೆದ್ದು ವಹಿಸಿಕೊಂಡ ಕೆಲಸ, 1933ಕ್ಕೆ ಮುಗಿಯಿತು. ಕ್ಷಯಕ್ಕೆ ಆಗಿನ್ನೂ ಸರಿಯಾದ ಮದ್ದಿಲ್ಲ. ಒಳ್ಳೆ ಗಾಳಿ, ಬಿಸಿಲು, ಊಟ, ವಿಶ್ರಾಂತಿ, ಅಷ್ಟೇ ಚಿಕಿತ್ಸೆ. ತಿಂಗಳುಗಟ್ಟಲೆ ಅಂಗಾತ ಮಲಗಿರೋ ಮನುಷ್ಯನಿಗೆ ಗೋಡೆಗಿಂತ ಸೂರೇ ಹೆಚ್ಚು ಕಾಣೋದಲ್ವಾ? ಅದಕ್ಕೇ ಸೂರಿಗೆ ಕಣ್ಣಿಗೆ ಹಿತವಾದ ಮಾಸಲು ಹಸಿರು ಬಣ್ಣ. ದೀಪ ನೇರ ಕಣ್ಣಿಗೆ ಹೊಡೆಯದ ಜಾಗದಲ್ಲಿ. ಕೋಣೆ ಬೆಚ್ಚಗಿಡುವ ಶಾಖ ರೋಗಿಯ ಕಾಲಿನ ಕಡೆಗೆ ಇಳಿಯುವ ಹಾಗೆ. ಕೋಣೆಗೆ ಇಬ್ಬರು, ಒಬ್ಬೊಬ್ಬರಿಗೂ ಒಂದೊಂದು ಬೇಸಿನ್. ನಲ್ಲಿ ನೀರು ಓರೆಯಾಗಿ ಬಿದ್ದು ಸದ್ದಿಲ್ಲದೆ ಜಾರಿಹೋಗುವಂತೆ ಅದರ ಒಳಮೈಯನ್ನು ರೂಪಿಸಿದ್ದಾರೆ. ಒಬ್ಬ ರಾತ್ರಿ ಎದ್ದು ಕೈ ತೊಳೆದರೆ ಪಕ್ಕದವನ ನಿದ್ದೆ ಕೆಡಬಾರದು! ಬಾಗಿಲ ಹಿಡಿಗಳಂತೂ ಡಾಕ್ಟರ ಕೋಟಿನ ತೋಳು ಸಿಕ್ಕಿಹಾಕಿಕೊಳ್ಳದ ಹಾಗೆ ಬಾಗಿವೆ. (ಲಕ್ಷಗಟ್ಟಲೆ ಬಿಲ್ ಮಾಡೋ ಇವತ್ತಿನ ಆಸ್ಪತ್ರೆಗಳಲ್ಲೂ ಟ್ಯೂಬ್‌ಲೈಟು ಮಲಗಿದವರ ಮುಖದ ನೇರಕ್ಕೇ ಉರೀತಿರುತ್ತೆ. ಇರಲಿ.)

ಆ ಕಾಲಕ್ಕೆ ಯುರೋಪಿನ ಆಧುನಿಕರಿಗೆಲ್ಲ ಉಕ್ಕಿನ ಪೈಪಿನ ಕುರ್ಚಿ ಹುಚ್ಚು. ಆಲ್ಟೊಗೂ ಮೊದಮೊದಲು ಇತ್ತು. ಆದರೆ ಅಲ್ಲಿನ ಚಳಿಗೆ ಕೊರೆಯೋ ಲೋಹ ಮೈಗೆ ತಾಗೋದು ಯಾರಿಗೆ ಬೇಕು? ಬರ್ಚ್ ಮರಕ್ಕೆ ಬಂದ. ಮರ ಸುಮ್ಮನೆ ಬಾಗಲ್ಲವಲ್ಲ. ಸ್ಟೂಲಿನ ಕಾಲಿನ ತುದಿಯನ್ನು ಗರಗಸದಲ್ಲಿ ಸೀಳುಸೀಳಾಗಿ ಕೊಯ್ದು, ಆ ಸೀಳುಗಳಲ್ಲಿ ತೆಳು ಮರದ ಹಾಳೆಗೆ ಅಂಟು ಸವರಿ ತೂರಿಸಿ, ಆಮೇಲೆ ಬಗ್ಗಿಸೋದು. 1933ರ ಮೂರು ಕಾಲಿನ ಸ್ಟೂಲ್ ಹುಟ್ಟಿದ್ದು ಹೀಗೆ. ಇವತ್ತಿಗೂ ತಯಾರಾಗ್ತಿದೆ.

ಅಲೆಗೂ ಕಾರಣ ಇರ್ತಿತ್ತು. ಆಗ ಫಿನ್‌ಲ್ಯಾಂಡಿನದೇ ಆಗಿದ್ದ ವೀಪುರಿ ಊರಿಗೆ ಆತ ಕಟ್ಟಿಕೊಟ್ಟ 1935ರ ಲೈಬ್ರರಿಯ ಸಭಾಂಗಣದ ಮರದ ಸೂರು ಅಲೆಅಲೆಯಾಗಿರೋದು ಹಿಂದಿನ ಸಾಲಿನವರಿಗೂ ಮಾತು ಕೇಳಲಿ ಅಂತ. ಯುದ್ಧದಲ್ಲಿ ಆ ಊರೇ ಸೋವಿಯತ್ ಪಾಲಾಯಿತು, ಈಗ ರಷ್ಯಾದಲ್ಲಿದೆ.

ಕೊನೆಗಾಲದಲ್ಲಿ ಆತ ಹೆಲ್ಸಿಂಕಿಯಲ್ಲಿ ಕಟ್ಟಿದ ಸಂಗೀತ ಸಭಾಂಗಣ ಫಿನ್‌ಲಾಂಡಿಯಾ ಹಾಲ್ ಮಾತ್ರ ನನಗೆ ಹಿಡಿಸಲ್ಲ. ಹೆಲ್ಸಿಂಕಿಯ ಹವಾಮಾನ ಗೊತ್ತಿದ್ದೂ ಇಟಲಿಯ ಕರಾರಾದಿಂದ ಅಮೃತಶಿಲೆ ತರಿಸಿ 1971ರಲ್ಲಿ ಮೈತುಂಬ ಹೊದಿಸಿದರು. ವರ್ಷ ಕಳೆದಂತೆ ಚಪ್ಪಡಿಗಳೆಲ್ಲ ಹಪ್ಪಳದ ಹಾಗೆ ಸೊಟ್ಟಗಾದವು. 1990ರ ದಶಕದ ಕೊನೆಗೆ ಎಲ್ಲ ಕಿತ್ತು ಹೊಸದು ಹಾಕಿದರು, ಅವೂ ಬಾಗಿದವು. ಸಂಗೀತದ ಧ್ವನಿ ಚೆನ್ನಾಗಿ ಬರಲ್ಲ ಅನ್ನೋ ದೂರು ಬೇರೆ. ರೋಗಿಯ ನಿದ್ದೆ ಬಗ್ಗೆ ಯೋಚಿಸಿದ್ದ ಮನುಷ್ಯ ಇಲ್ಲಿ ದೂರದಿಂದ ನೋಡೋರ ಕಣ್ಣಿಗೆ ಕಟ್ಟಿದ.

ಇನ್ನೊಂದು ತಕರಾರು ಆತನ ಮೇಲಲ್ಲ, ಆತನನ್ನು ಹೊಗಳೋರ ಮೇಲೆ. ಜೊತೆಗೆ ದುಡಿದ ಹೆಂಡತಿಯರನ್ನು ಮರೆತೇಬಿಡ್ತಾರೆ. 1924ರಲ್ಲಿ ಮದುವೆಯಾದ ಐನೊ ಕೂಡ ಆರ್ಕಿಟೆಕ್ಟ್. ಆತನಿಗಿಂತ ನಾಲ್ಕು ವರ್ಷ ದೊಡ್ಡವಳು. 1935ರಲ್ಲಿ ಅವರಿಬ್ಬರೂ ಗೆಳೆಯರೊಂದಿಗೆ ಸೇರಿ ಆರ್ಟೆಕ್ ಪೀಠೋಪಕರಣ ಕಂಪನಿ ಶುರು ಮಾಡಿದರು. ಆಮೇಲೆ ಅದನ್ನು ನಡೆಸಿದ್ದು ಆಕೆ. 1949ರಲ್ಲಿ ಐನೊ ತೀರಿಹೋದರು. 1952ರಲ್ಲಿ ಮದುವೆಯಾದ ಎಲಿಸಾ ಕೂಡ ಅವನ ಆಫೀಸಿನ ಆರ್ಕಿಟೆಕ್ಟೇ. 1976ರಲ್ಲಿ ಆತ ಸತ್ತಮೇಲೆ ಉಳಿದ ಕೆಲಸಗಳನ್ನು ದಡ ಮುಟ್ಟಿಸಿದ್ದು ಆಕೆ. ಜರ್ಮನಿಯ ಎಸ್ಸೆನ್‌ನ ಒಪೆರಾ ಮನೆ ಬಾಗಿಲು ತೆರೆದದ್ದೇ 1988ರಲ್ಲಿ. ಅದರ ಹೆಸರು ಆಲ್ಟೊ ಥಿಯೇಟರ್. ಅಲ್ವಾರ್ ಅಂತ ಬರೆಯದೆ ಬರೀ ಆಲ್ಟೊ ಅಂತ ಬರೆದಿದ್ದಾರೆ, ಹಾಗಾಗಿ ಅದನ್ನು ಮೂವರಿಗೂ ಸೇರಿಸಿ ಇಟ್ಟ ಹೆಸರು ಅಂತಲೇ ನಾನು ಓದಿಕೊಳ್ತೀನಿ.