ಕೇಳಿದರೆ ಮಗುವಿನ ತಲೆಗೆ ಆ ಯೋಚನೆ ಬರುತ್ತದೆಯೇ?

‘ಹದಿಹರೆಯದ ಮಕ್ಕಳ ಹತ್ತಿರ ಆತ್ಮಹತ್ಯೆಯ ಮಾತೆತ್ತಬೇಡಿ, ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ’ ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತದೆ. ಓದಿದರೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಇದು ನಿಜವಲ್ಲ.

2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಪರೀಕ್ಷಿಸಿತ್ತು. ನ್ಯೂಯಾರ್ಕ್ ರಾಜ್ಯದ 6 ಹೈಸ್ಕೂಲುಗಳ 2,342 ವಿದ್ಯಾರ್ಥಿಗಳು ಅದರಲ್ಲಿದ್ದರು. ಮೊದಲ ಸುತ್ತಿನ ಸಮೀಕ್ಷೆಯಲ್ಲಿ ಒಂದು ಗುಂಪಿಗೆ ಮಾತ್ರ ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಕೇಳಿದರು. ಆ ಗುಂಪಿನಲ್ಲಿ ಸಂಕಟವೂ ಹೆಚ್ಚಲಿಲ್ಲ, ಸಾಯುವ ಯೋಚನೆಯೂ ಹೆಚ್ಚಲಿಲ್ಲ. ಮೊದಲೇ ಖಿನ್ನತೆಯ ಲಕ್ಷಣ ಇದ್ದ ಮಕ್ಕಳಲ್ಲಂತೂ, ಪ್ರಶ್ನೆ ಕೇಳಿಸಿಕೊಂಡವರ ಸಂಕಟ ಉಳಿದವರಿಗಿಂತ ಕಡಿಮೆಯೇ ಇತ್ತು.

ಹೇಗೆ ಕೇಳುತ್ತೇವೆ ಅನ್ನೋದು ಮುಖ್ಯ. ‘ಅಂಥ ಹುಚ್ಚು ಯೋಚನೆ ಏನೂ ಇಲ್ಲ ತಾನೆ?’ ಎಂದರೆ ಮಗು ಸುಮ್ನೆ ‘ಇಲ್ಲ’ ಅನ್ನುತ್ತದೆ. ನಾವೇ ಉತ್ತರ ಹೇಳಿಕೊಟ್ಟಂತಾಯಿತು! ‘ಕೆಲವು ದಿನಗಳಿಂದ ನೀನು ಸಪ್ಪಗಿದ್ದೀಯ. ಸಾಯಬೇಕು ಅಂತ ಯಾವಾಗಲಾದರೂ ಅನ್ನಿಸಿದೆಯಾ?’ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಆಮೇಲೆ ಬುದ್ಧಿಮಾತು ಬೇಡ, ಕೇಳಿಸಿಕೊಳ್ಳಿ.

‘ಹೌದು’ ಅಂದರೆ ಬೈಯಬೇಡಿ, ಗುಟ್ಟಾಗಿಡುತ್ತೇನೆ ಎಂದು ಮಾತೂ ಕೊಡಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ, ಮಾತ್ರೆ, ವಿಷ, ಹರಿತವಾದ ವಸ್ತುಗಳನ್ನು ಕೈಗೆ ಸಿಗದಂತೆ ಎತ್ತಿಟ್ಟು, ಅವತ್ತೇ ಮನೋವೈದ್ಯರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಿ.