ಅಡಿಕೆಗೆ ಹೋದ ಮಾನ, ಅಕೌಂಟಿಗೆ ಬಂದ ಕಷ್ಟ

ಬ್ಯಾಂಕಿಗೆ ಸಾಲ ಕೇಳಲು ಹೋದವರ ಮುಖ ಬಾಡಿದ್ದರೆ ಅದಕ್ಕೊಂದು ಅರ್ಥವಿದೆ. ದುಡ್ಡು ಇಡಲು ಹೊಸ ಖಾತೆ ತೆರೆಯಹೋದವರೂ ಅದೇ ಮುಖ ಹೊತ್ತು ಕೂತಿರುತ್ತಾರೆ: ಹಳೇ ಸಾಲದ ಚರಿತ್ರೆ ಕೆಟ್ಟಿದ್ದರೆ ಅವರ ಅರ್ಜಿಯೂ ತಿರಸ್ಕಾರವಾಗಬಹುದು. ಲೆಕ್ಕಶಾಸ್ತ್ರದ ಪ್ರಕಾರ ಠೇವಣಿ ಎಂದರೆ ನಾವು ಬ್ಯಾಂಕಿಗೆ ಕೊಟ್ಟ ಸಾಲ. ಅವರ ಪುಸ್ತಕದಲ್ಲೂ ಅದು ಹೊಣೆಗಾರಿಕೆಯ ಕಡೆಗೇ ಬರುತ್ತದೆ. ಸಾಲ ಕೊಡಲು ಬಂದವರೇ ತಮ್ಮ ಹಳೇ ಸಾಲದ ಬಗ್ಗೆ ಸಮಜಾಯಿಷಿ ಕೊಡುವ ವಿಚಿತ್ರ ಜಾಗ ಇದು.

ಎಡವಟ್ಟಿನ ಮೂಲ ಓವರ್‌ಡ್ರಾಫ್ಟ್. ಎಷ್ಟೋ ದೇಶಗಳಲ್ಲಿ ಖಾತೆಯ ಬಾಲಕ್ಕೆ ಇದೂ ಅಂಟಿಕೊಂಡು ಬರುತ್ತದೆ: ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಇಷ್ಟರವರೆಗೆ ತೆಗೆಯಬಹುದು ಎಂಬ ಸವಲತ್ತು. ಅರ್ಜಿಯಲ್ಲಿ ಅದಕ್ಕೊಂದು ಪುಟ್ಟ ಚೌಕವಿರುತ್ತದೆ. ಕೊಡ್ತೀವಿ ಅಂದಿದ್ದನ್ನು ಬೇಡ ಅನ್ನುವುದೇಕೆ ಎಂದು ಅಲ್ಲೊಂದು ಟಿಕ್ ಹಾಕಿದಿರೋ, ದುಡ್ಡು ಇಡಲು ಬಂದ ನೀವು ಸಾಲ ಕೇಳುವವರ ಸಾಲಿಗೆ ಸೇರಿದಿರಿ. ನಿಮ್ಮ ಪೂರ್ವಾಪರ ತೆಗೆಯಲು ಕಂಪ್ಯೂಟರಿಗೆ ಅಷ್ಟು ಸಾಕು. ಚರಿತ್ರೆ ಅಷ್ಟಕ್ಕಷ್ಟೇ ಎಂದು ಗೊತ್ತಿದ್ದರೆ ಆ ಚೌಕವನ್ನು ಖಾಲಿ ಬಿಡಿ.

ಭಾರತದಲ್ಲಿ ಸಾದಾ ಉಳಿತಾಯ ಖಾತೆಗೆ ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸಿದ ನಡತೆಗೆ ಸಿಗುವ ಅಂಕ, ಅಡ್ಡ ಬರುವುದಿಲ್ಲ. 300ರಿಂದ 900ರವರೆಗಿನ ಆ ಅಂಕಿ ಇರುವುದು ಸಾಲಕ್ಕೆ, ಕ್ರೆಡಿಟ್ ಕಾರ್ಡಿಗೆ. (ಜೀವಮಾನದಲ್ಲಿ ಒಂದು ಸಾಲವನ್ನೂ ಮಾಡದ ಸಜ್ಜನರ ವರದಿಯಲ್ಲಿ ಸ್ಕೋರಿನ ಜಾಗದಲ್ಲಿ ಮೈನಸ್ ಒಂದು ಬರುವುದುಂಟು. ಸಜ್ಜನಿಕೆಗೆ ಸಿಕ್ಕ ಅಂಕ ಅದು.) ಅಮೆರಿಕದಲ್ಲಿ ಕಥೆಯೇ ಬೇರೆ. ಅಲ್ಲಿ ಬ್ಯಾಂಕುಗಳು ನೋಡುವುದು ಚೆಕ್ಸ್‌ಸಿಸ್ಟಮ್ಸ್ ಎಂಬ ಇನ್ನೊಂದು ದಫ್ತರ. ಯಾರು ಖಾತೆಯನ್ನು ಮೈನಸ್ಸಿಗೆ ಇಳಿಸಿ ನಾಪತ್ತೆಯಾದರು ಎಂಬುದನ್ನು ಅದು ಸಾಮಾನ್ಯವಾಗಿ 5 ವರ್ಷ ನೆನಪಿಟ್ಟುಕೊಳ್ಳುತ್ತದೆ. ಗೃಹಸಾಲದ ಕಂತನ್ನು ತಪ್ಪದೆ ಕಟ್ಟಿದವರೂ ಇಲ್ಲಿ ಸಿಕ್ಕಿಬೀಳಬಹುದು.

ಸಿಕ್ಕಿಬೀಳುವ ಬಗೆ ಹೀಗೆ. ಊರು ಬಿಡುವಾಗ ಹಳೇ ಖಾತೆಯನ್ನು ಸೊನ್ನೆ ಮಾಡಿ, ‘ಮುಚ್ಚಿದಂತೆಯೇ ಸರಿ’ ಎಂದುಕೊಂಡು ಹೊರಡುತ್ತೀರಿ. ಖಾತೆ ಮುಚ್ಚಿರುವುದಿಲ್ಲ, ಖಾಲಿಯಾಗಿರುತ್ತದೆ ಅಷ್ಟೆ. ಮೂರು ತಿಂಗಳ ಮೇಲೆ ನೀವು ಮರೆತ ಯಾವುದೋ ಚಂದಾದ ಆಟೋ ಡೆಬಿಟ್ ಬಂದು ಬಾಗಿಲು ತಟ್ಟುತ್ತದೆ. ದುಡ್ಡಿಲ್ಲ; ಬೌನ್ಸ್ ಶುಲ್ಕ ಬಿತ್ತು. ಮುಂದಿನ ತಿಂಗಳು ಮತ್ತೆ ತಟ್ಟುತ್ತದೆ. ಮತ್ತೊಂದು ಶುಲ್ಕ. ನೋಟಿಸೆಲ್ಲ ಹೋಗುವುದು ನೀವು ಖಾಲಿ ಮಾಡಿದ ಹಳೇ ಮನೆಗೆ. ಕೊನೆಗೆ ಬ್ಯಾಂಕೇ ಬೇಸತ್ತು ಖಾತೆ ಮುಚ್ಚಿ, ಬಾಕಿಯನ್ನು ವಸೂಲಿಯವರಿಗೆ ಒಪ್ಪಿಸುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ಈ ವ್ಯವಹಾರದಲ್ಲಿ ಅಡಿಕೆಯನ್ನು ವಾಪಸ್ ಕೊಟ್ಟ ಮೇಲೂ ಮಾನ ವರ್ಷಗಟ್ಟಲೆ ಕಾಯಿಸುತ್ತದೆ. ಬ್ರಿಟನ್ನಿನಲ್ಲಿ ಅದಕ್ಕೆ 6 ವರ್ಷ.

ಅದಕ್ಕಿಂತ ತಮಾಷೆಯ ವಿಷಯ, ಎಷ್ಟೋ ಅರ್ಜಿಗಳು ಇಷ್ಟು ದೊಡ್ಡ ಪಾಪಕ್ಕೆ ಬೀಳುವುದೇ ಇಲ್ಲ. ಬೀಳುವುದು ಹೆಸರಿಗೆ, ವಿಳಾಸಕ್ಕೆ. ಒಂದು ದಾಖಲೆಯಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಅದು ಬಿಡಿಸಿಕೊಂಡು ಅಪ್ಪನ ಪೂರ್ತಿ ಹೆಸರಾಗಿ ಕೂತಿದೆ. ಕಂಪ್ಯೂಟರಿನ ಕಣ್ಣಿಗೆ ಇವರು ಮೂವರು. ಮನೆ ನಂಬರು ಒಂದು ಕಡೆ ಅಡ್ಡಗೆರೆಯಲ್ಲಿ, ಇನ್ನೊಂದು ಕಡೆ ಓರೆಗೆರೆಯಲ್ಲಿ. ‘ಒಂದನೇ ಮಹಡಿ’ ಮತ್ತು ‘ಮೇಲ್ಮಹಡಿ’ ಒಂದೇ ಎಂದು ಮೆಟ್ಟಿಲು ಹತ್ತಿದವರಿಗೆ ಗೊತ್ತು, ಯಂತ್ರಕ್ಕೆ ಮೆಟ್ಟಿಲು ಹತ್ತುವ ಅಭ್ಯಾಸವಿಲ್ಲ. ಆದ್ದರಿಂದ ಮೊದಲು ಕ್ರೆಡಿಟ್ ವರದಿ ತರಿಸಿ. ಭಾರತದಲ್ಲಿ ನಮ್ಮ ಸಾಲಗಳ ಚರಿತ್ರೆ ಬರೆದಿಡುವ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಸ್ಕೋರ್ ನೋಡಿ ಎದೆ ಬಡಿದುಕೊಳ್ಳುವ ಮೊದಲು ಹೆಸರು, ಹುಟ್ಟಿದ ದಿನ, ವಿಳಾಸ ಓದಿ. ನಿಮ್ಮದಲ್ಲದ ಸಾಲ ಕಂಡರೆ ಗಾಬರಿ ಬೇಡ, ಸಂತೋಷಪಡಿ. ನಿಮ್ಮ ಸಾಲವನ್ನು ನೀವು ತೀರಿಸಬೇಕು, ನಿಮ್ಮದಲ್ಲದ್ದಕ್ಕೆ ಒಂದು ತಕರಾರು ಅರ್ಜಿ ಸಾಕು.

ಒಂದು ಬ್ಯಾಂಕು ಇಲ್ಲ ಎಂದಾಗ ಹಟಕ್ಕೆ ಬಿದ್ದು ಅದೇ ವಾರ ಇನ್ನೂ ನಾಲ್ಕಕ್ಕೆ ಅರ್ಜಿ ಗುಜರಾಯಿಸುವುದು ನನ್ನ ಲೆಕ್ಕದಲ್ಲಿ ಅತಿ ದೊಡ್ಡ ತಪ್ಪು. ಕ್ರೆಡಿಟ್ ನೋಡುವಂಥ ಅರ್ಜಿಯಾದರೆ ಪ್ರತಿಯೊಂದು ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ. ಐದನೆಯವರು ನೋಡುವಾಗ ಮೇಲೆ ನಾಲ್ವರ ಹೆಜ್ಜೆ ಗುರುತು. ಇವರಿಗೇನೋ ತುರ್ತು ಬಂದಿದೆ ಎಂಬ ಅನುಮಾನ ಬಾರದೆ ಇರುತ್ತದೆಯೇ? ಅದರ ಬದಲು ಕಾರಣ ಕೇಳಿ, ಅದನ್ನು ಸರಿಮಾಡಿ, ಆಮೇಲೆ ಹೋಗಿ. ಇನ್ನು ಸಾಲ ಬಾಕಿ ಇರುವ ಬ್ಯಾಂಕಿನಲ್ಲೇ ಸಂಬಳದ ಖಾತೆ ತೆರೆಯುವ ಧೈರ್ಯವಂತರೂ ಇದ್ದಾರೆ. ಬಾಕಿಯನ್ನು ಖಾತೆಯಿಂದ ಮುರಿದುಕೊಳ್ಳುವ ಹಕ್ಕು ಸಾಮಾನ್ಯವಾಗಿ ಬ್ಯಾಂಕಿಗೆ ಇರುತ್ತದೆ. ಸಂಬಳ ಬಂತು ಎಂಬ ಮೆಸೇಜು, ಹೋಯಿತು ಎಂಬ ಮೆಸೇಜು ಜೋಡಿಯಾಗಿ ಬರುತ್ತವೆ.

ಏನೂ ದಾರಿ ಕಾಣದವರಿಗೆ ಮೂಲ ಸವಲತ್ತುಗಳಷ್ಟೇ ಇರುವ ಬೇಸಿಕ್ ಅಕೌಂಟ್ ಇದೆ. ಯುರೋಪಿಯನ್ ಒಕ್ಕೂಟದಲ್ಲಿ 2014ರ ನಿರ್ದೇಶನ ಇದನ್ನು ಹಕ್ಕಾಗಿಯೇ ಮಾಡಿದೆ. ಪೂರ್ತಿ ಅರ್ಜಿ ಸಿಕ್ಕ 10 ಕೆಲಸದ ದಿನಗಳೊಳಗೆ ಬ್ಯಾಂಕು ಉತ್ತರಿಸಬೇಕು. ಭಾರತದಲ್ಲಿ ರಿಸರ್ವ್ ಬ್ಯಾಂಕು 2012ರಲ್ಲಿ ತಂದ ಮೂಲ ಉಳಿತಾಯ ಖಾತೆಗೆ ಕನಿಷ್ಠ ಇಷ್ಟು ದುಡ್ಡಿರಲೇಬೇಕು ಎಂಬ ಗೋಜಿಲ್ಲ. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ. ಕೌಂಟರಿನಲ್ಲಿ ಅವರಾಗಿಯೇ ಇದರ ಸುದ್ದಿ ಎತ್ತಲಿ ಎಂದು ಕಾಯಬೇಡಿ, ಹೆಸರು ಹಿಡಿದು ಕೇಳಿ.

ಹಳೇ ಬಾಕಿ ತೀರಿಸುವವರಿಗೆ ಒಂದು ಮಾತು. ಅರ್ಧಕ್ಕೆ ರಾಜಿಯಾದರೆ ವರದಿಯಲ್ಲಿ ‘ಸೆಟಲ್ಡ್’ ಎಂದು ಬರುತ್ತದೆ, ಪೂರ್ತಿ ಕಟ್ಟಿದರೆ ‘ಕ್ಲೋಸ್ಡ್’. ಕೇಳಲು ಮೊದಲನೆಯದೇ ನೆಮ್ಮದಿಯ ಪದ, ಆದರೆ ಸಾಲ ಕೊಡುವವರು ಅದನ್ನು ‘ಪೂರ್ತಿ ಕಟ್ಟಲಿಲ್ಲ’ ಎಂದೇ ಓದುತ್ತಾರೆ. ಯಾವುದೇ ಆಗಲಿ, ಬಾಕಿ ಇಲ್ಲ ಎಂಬ ಪತ್ರವನ್ನು ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ, ಖಾತೆ ನಂಬರು ಮತ್ತು ದಿನಾಂಕದ ಸಮೇತ ಬರೆಸಿಕೊಳ್ಳಿ. ಅದನ್ನು ವಾಷಿಂಗ್ ಮೆಷಿನ್ನಿನ ಗ್ಯಾರಂಟಿ ಕಾರ್ಡಿನ ಜತೆ ಮಾತ್ರ ಇಡಬೇಡಿ. ಅಲ್ಲಿಟ್ಟದ್ದು ಬೇಕಾದಾಗ ಸಿಕ್ಕ ಉದಾಹರಣೆ ಇಲ್ಲ.